ಊದಗೊಳವಿ ಹಿಡದ ಬಾಯಿಗೆ ಎಂಜಲ ಯಾವಾಗ ಬಂತ್ರಿ?

ಹೆಂಗಸ್ರು ಹಾಡಬಹುದು, ತಾಳ ಹಾಕಬಹುದು, ಭಾಳಂದ್ರ ಹಾರ್ಮೋನಿಯಂ ಬಾರಿಸಬಹುದು. ಆದ್ರ ಬಾಯಿಗಿಟ್ಟು ಊದೋ ವಾದ್ಯ ಮಾತ್ರ ಮುಟ್ಟಬಾರ್ದು. ಇದನ್ನ ನಮ್ಮ ಕಡಿ ಯಾರೂ ಗೋಡಿ ಮ್ಯಾಲ ಬರದು ಅಂಟಿಸಿಲ್ಲ, ಆದ್ರೂ ಎಲ್ಲಾರಿಗೂ ಬಾಯಿಪಾಠ ಅದ. ನಾನು ಒಕರಿನಾ ಕಲೀಲತ್ತೀನಿ ಅಂತ ಓಣ್ಯಾಗ ಗೊತ್ತಾದ ದಿನದಿಂದ ಈ ಮಾತು ಒಬ್ಬೊಬ್ಬರ ಬಾಯಾಗ ಒಂದೊಂದು ರೂಪದಾಗ ಕೇಳಲತ್ತೀನಿ. ಅದಕ್ಕ ಇವತ್ತು ಅಡಗಿ ಬಿಟ್ಟು ಇದನ್ನೇ ಬರೀತೀನಿ. ಉಪ್ಪಿನಕಾಯಿ ಬರೀರಿ ಅಂತ ಕೇಳಿದ ತಂಗಿದೇರು ಒಂದು ವಾರ ತಡೀರಿ.

ಮೊದ್ಲು ಒಕರಿನಾ ಅಂದ್ರ ಏನಂತ ಹೇಳ್ತೀನಿ. ಗೆಣಸಿನ ಆಕಾರದ, ಒಳಗ ಪೊಳ್ಳು ಇರೋ ಮಣ್ಣಿನ ವಾದ್ಯ. ಒಂದು ಕಡಿ ಸೀಟಿ ಇದ್ದಂಗ ಮೂತಿ ಅದ, ಮ್ಯಾಲ ಕೆಳಗ ತೂತು ಅದಾವ. ಎರಡೂ ಕೈಯಾಗ ಹಿಡದು ಊದಿದ್ರ ದನಿ ಬರ್ತದ. ಪುಣೆದಾಗಿರೋ ಮಗಳು ಫೋನಿನಾಗ ತೋರಿಸಿದ್ಳು. ಆ ದನಿ ಹ್ಯಾಂಗದ ಅಂದ್ರ, ಖಾಲಿ ಬಿಂದಿಗಿ ಬಾಯಿಗೆ ಗಾಳಿ ಬಡದಾಗ ಹೂಂ ಅಂತದಲ್ಲ, ಅದನ್ನ ತಿದ್ದಿ ತೀಡಿ ಸ್ವರ ಮಾಡಿದಂಗ. ನನಗ ಅವತ್ತೇ ಮನಸಿಗಿ ಹತ್ತಿತು.

ಸುದ್ದಿ ಕೇಳಿದ ಒಬ್ಬ ಹಿರೇ ಹೆಣ್ಮಗಳು ಭಜನಿ ಮುಗದ ಮ್ಯಾಲ ನನ್ನ ಬಾಜೂಕ ಕೂತು ಹೇಳಿದ್ರು, "ಯವ್ವಾ, ಎಂಜಲ ವಾದ್ಯ ಅದು. ಮನ್ಯಾಗ ದೇವರ ಜಗಲಿ ಅದ. ಹೆಣ್ಮಕ್ಕಳು ಬಾಯಾಗ ಇಟ್ಕೊಂಡು ಪೀ ಅಂತ ಊದ್ತಾರೇನು?" ಅವರು ಕೆಟ್ಟವರಲ್ಲ. ನಾನು ಬಾಣಂತಿ ಇದ್ದಾಗ ನನ್ನ ತಲಿಗಿ ಎಣ್ಣಿ ಹಚ್ಚಿದ ಕೈ ಅದು. ಎದುರಿಗೆ ಏನೂ ಅನ್ನಲಿಲ್ಲ. ಇಲ್ಲಿ ಅಂತೀನಿ.

ಯಕ್ಕಾ, ನಾನು ಹನ್ನೆರಡು ವರ್ಷದ ಹುಡುಗಿ ಇದ್ದಾಗಿಂದ ಮನಿಗಿ ಗ್ಯಾಸ್ ಬರೂತನ ಊದಗೊಳವಿ ಊದೀನಿ. ನೀವೂ ಊದೀರಿ. ಮಳಿಗಾಲದ ಹಸಿ ಕಟಗಿ, ತೊಗರಿ ಕಟಗಿ, ಕುಳ್ಳು, ಎಲ್ಲಾ ಊದಿ ಊದಿ ಉರಿ ಎಬ್ಬಿಸೀವಿ. ಕಣ್ಣಾಗ ನೀರು, ಎದಿಯಾಗ ಹೊಗಿ. ಅದೇ ಊದಗೊಳವಿ ಅತ್ತಿ ಊದಿದ್ದು ಸೊಸಿ ಊದಿದ್ಳು, ಸೊಸಿ ಊದಿದ್ದು ನಾದಿನಿ ಊದಿದ್ಳು. ಅದರಿಂದ ಎದ್ದ ಉರಿ ಮ್ಯಾಲೇ ದೇವರ ನೈವೇದ್ಯದ ಹೋಳಿಗಿ ಬೆಂದಾವ. ಅವಾಗ ಒಬ್ಬರೂ ಎಂಜಲ ಅನ್ನಲಿಲ್ಲ. ಹೆಂಗಸಿನ ಉಸುರು ಒಲಿಗಿ ಹೋದ್ರ ಮಡಿ, ತನ್ನ ಮನಸಿನ ಖುಷಿಗಿ ಹೋದ್ರ ಮೈಲಿಗಿ. ಈ ಲೆಕ್ಕ ಯಾರು ಬರದ್ರು ಅಂತ ನನಗ ಹೇಳ್ರಿ.

ಇನ್ನೊಂದು ಮಾತೂ ಅದ, ಅದನ್ನ ನಾವು ಹೆಂಗಸ್ರು ನಮ್ಮ ನಮ್ಮೊಳಗೂ ಆಡಂಗಿಲ್ಲ. ಎಂಜಲ ವಾದ್ಯ ಅನ್ನೋ ಶಬ್ದದ ಹಿಂದ ಜಾತಿ ಕೂತದ. ನಮ್ಮ ಕಡಿ ಲಗ್ನದಾಗ ಸನಾದಿ ಇಲ್ಲದ ಅಕ್ಕಿಕಾಳು ಬೀಳಂಗಿಲ್ಲ. ಊದೋರು ಬಹಳ ಕಡಿ ಭಜಂತ್ರಿ ಮನೆತನದವರು. ಮುಂಜಾನಿಂದ ಅವರು ಊದಿದ್ರನೇ ಮಂಗಳಕಾರ್ಯ, ಊಟದ ಹೊತ್ತಿಗಿ ಮಾತ್ರ ಅವರ ಪಂಕ್ತಿ ಹಂದರದ ತುದಿಗಿ. ಅವರ ಉಸುರಿನ ನಾದ ಬೇಕು, ಬಾಯಿ ಬ್ಯಾಡ. 1977ರಾಗ ‘ಸನಾದಿ ಅಪ್ಪಣ್ಣ’ ಪಿಚ್ಚರ್ ಬಂದಾಗ ಊರಿಗಿ ಊರೇ ಬಂಡಿ ಕಟಗೊಂಡು ಹೋಗಿ ನೋಡಿ ಅತ್ತು ಬಂತು ಅಂತ ನಮ್ಮವ್ವ ಹೇಳ್ತಿದ್ದಳು. ರಾಜಕುಮಾರ ಪರದೆ ಮ್ಯಾಲ ಹಿಡದಿದ್ದ ಸನಾದಿಗಿ ಉಸುರು ಕೊಟ್ಟವರು ಬಿಸ್ಮಿಲ್ಲಾ ಖಾನರು. ದೇಶ ಅವರಿಗೆ 2001ರಾಗ ಭಾರತರತ್ನ ಕೊಟ್ಟಿತು. ಪಿಚ್ಚರ್ ನೋಡಿ ಅತ್ತ ಮಂದಿನೇ ಮರುದಿನ ಲಗ್ನದಾಗ ಸನಾದಿಯವರಿಗೆ ಮ್ಯಾಲಿಂದ ನೀರು ಹೊಯ್ದರು. ಇದಕ್ಕ ಯಾವ ಮುಖ ಇಟ್ಕೊಂಡು ಎಂಜಲ ಅಂತೀವಿ? ಕೃಷ್ಣನ ಫೋಟೋ ಜಗಲಿ ಮ್ಯಾಲ ಇಟ್ಟೀವಿ, ಕೊಳಲ ಅವನ ತುಟಿಗೇ ಅದ.

ಊದೋ ಹೆಂಗಸ್ರು ಇಲ್ಲೇ ಇಲ್ಲ ಅನ್ನೋದೂ ಸುಳ್ಳ. ತಮಿಳು ಸೀಮಿಯ ಸಿಕ್ಕಿಲ್ ಅಕ್ಕತಂಗಿಯರು, ಕುಂಜುಮಣಿ ಮತ್ತ ನೀಲಾ, ಜೀವಮಾನವಿಡೀ ಕೊಳಲು ಊದಿ ದೊಡ್ಡ ದೊಡ್ಡ ಸಭಾದಾಗ ಕೂತವರು. ಸೀರಿ ಉಟಗೊಂಡು, ಕುಂಕುಮ ಹಚಗೊಂಡೇ ಊದಿದ್ರು. ಯಾರ ಜಗಲಿನೂ ಕೆಡಲಿಲ್ಲ.

ಎರಡನೇ ತಕರಾರು ಗಂಡಸರದು. "ಆಟಗಿ ಸಾಮಾನು ಅದು. ಜಾತ್ರ್ಯಾಗ ಹುಡುಗರು ಊದೋ ಮಣ್ಣಿನ ಪೀಪಿ." ಹೌದ್ರಿ, ಜಾತ್ರಿದೇ. ನಮ್ಮೂರ ವಿಶ್ವಾರಾಧ್ಯರ ಜಾತ್ರ್ಯಾಗ, ಸಂಕ್ರಾಂತಿಗಿ ಮೈಲಾಪುರದಾಗ, ಹುಡುಗರು ಪೀಪಿ ಊದೇ ಊದ್ತಾವ. ಮೊಹೆಂಜೊದಾರೊ, ಹರಪ್ಪ ಅಗದಾಗನೂ ಹಕ್ಕಿ ಆಕಾರದ ಮಣ್ಣಿನ ಸೀಟಿ ಸಿಕ್ಕಾವಂತ. ಅಂದ್ರ ನಾಕು ಸಾವಿರ ವರ್ಷದ ಹಿಂದನೂ ಯಾವುದೋ ತಾಯಿ "ಸಾಕು ಮಾಡೋ, ತಲಿ ತಿನಬ್ಯಾಡ" ಅಂತ ಮಗನಿಗಿ ಬೈದಿರಬೇಕು. ಇಟಲಿ ದೇಶದಾಗೂ ಇದು ಜಾತ್ರಿ ಪೀಪಿನೇ ಇತ್ತು. ಬೊಲೋನ್ಯಾ ಹತ್ತಿರ ಬುದ್ರಿಯೋ ಅಂತ ಸಣ್ಣ ಊರು. ಅಲ್ಲಿ 1853ರಾಗ ಜುಸೆಪ್ಪೆ ದೊನಾತಿ ಅನ್ನೋ ಹದಿನೇಳು ವರ್ಷದ ಹುಡುಗ ಆ ಪೀಪಿಗೆ ತೂತು ಹೆಚ್ಚಿಸಿ, ಅಳತಿ ನೋಡಿ, ಪೂರಾ ಸಪ್ತಕ ನುಡಿಯೋ ಹಂಗ ಮಾಡಿದ. ಅವರ ಊರ ಭಾಷಾದಾಗ ಒಕರಿನಾ ಅಂದ್ರ ಸಣ್ಣ ಹೆಬ್ಬಾತು. ಆಕಾರ ನೋಡಿ ಇಟ್ಟ ಹೆಸರು. ಮುಂದ ಅದೇ ಊರಿನವರು ಗುಂಪು ಕಟಗೊಂಡು ಸಣ್ಣದು ದೊಡ್ಡದು ಒಕರಿನಾ ಹಿಡದು ಯುರೋಪಿನ ಊರೂರು ತಿರಗಿ ಊದಿದ್ರು. ಆಟಗಿ ಸಾಮಾನನ್ನ ಆಟಗಿ ಅಂತ ಬಿಟ್ಟಿದ್ರ ಅದು ಅಲ್ಲೇ ಉಳೀತಿತ್ತು. ಒಬ್ಬ ಹುಡುಗ ಕಿವಿಗೊಟ್ಟು ಕೇಳಿದ, ಅಷ್ಟೇ ಫರಕ.

ಮತ್ತ ಕೆಲವರು ಸಭ್ಯ ಮಂದಿ, "ಕಲೀಬೇಕಂದ್ರ ಹಾರ್ಮೋನಿಯಂ ಕಲಿ, ಅದು ನಮ್ಮದು. ಇದು ಪರದೇಶಿ" ಅಂತಾರ. ಹಾರ್ಮೋನಿಯಂ ನಮ್ಮದು ಯಾವಾಗ ಆತು? ಅದೂ ಯುರೋಪಿನಿಂದ ಬಂದದ್ದು. ಅಲ್ಲಿ ಕುರ್ಚಿ ಮ್ಯಾಲ ಕೂತು ಕಾಲಿಲೆ ತುಳದು ಬಾರಿಸ್ತಿದ್ರು, ಕಲ್ಕತ್ತಾದಾಗ ದ್ವಾರಕಾನಾಥ ಘೋಷ್ ಅನ್ನೋರು ಅದನ್ನ ನೆಲಕ್ಕ ಕೂತು ಕೈಲೆ ಬಾರಿಸೋ ಹಂಗ ಮಾಡಿದ್ರು. ಇದು ನಮ್ಮ ಸಂಗೀತಕ್ಕ ಹೊಂದಂಗಿಲ್ಲ ಅಂತ ಆಕಾಶವಾಣಿಯವರು 1940ರಾಗ ಹೊರಗ ಹಾಕಿದ್ರು, 1971ರ ತನಕ ಒಳಗ ಬಿಡಲಿಲ್ಲ. ಇವತ್ತು ಅದಿಲ್ಲದ ಭಜನಿನೇ ಇಲ್ಲ. ಸ್ಯಾಕ್ಸೋಫೋನ್ ಎಲ್ಲಿದು? ಬೆಲ್ಜಿಯಂ ಮನಷ್ಯ ಮಾಡಿದ ಹಿತ್ತಾಳಿ ವಾದ್ಯ, ಬ್ಯಾಂಡಿನಾಗ ಊದೋದು. ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರು ಅದರ ಮ್ಯಾಲ ಕರ್ನಾಟಕ ಸಂಗೀತ ನುಡಿಸಿ ದೇಶದ ತುಂಬ ಹೆಸರಾದ್ರು. ಅವರಿಗೆ ಯಾರರೆ ಪರದೇಶಿ ಅಂದ್ರೇನು? ಹಾರ್ಮೋನಿಯಂ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಅದರಾಗ ಒಂದು ಮನಿಯಿಂದ ಇನ್ನೊಂದಕ್ಕ ಜಿಗೀಬೇಕು, ನಡುವ ಜಾರಲಕ್ಕ ಬರಂಗಿಲ್ಲ. ತತ್ವಪದ ಹಾಡೋರ ದನಿ ಕೇಳ್ರಿ, ಕಡಕೋಳ ಮಡಿವಾಳಪ್ಪನವರ ಪದ ಏಕತಾರಿ ಮ್ಯಾಲ ಹಾಡೋರದು. ಆ ದನಿ ಜಾರತದ, ಅಳ್ತದ. ಒಕರಿನಾದಾಗ ಬೆಟ್ಟು ತೂತಿನ ಮ್ಯಾಲಿಂದ ಸಾವಕಾಶ ಸರಿಸಿದ್ರ ಸ್ವಲ್ಪರೆ ಆ ಜಾರಿಕಿ ಬರ್ತದ.

ಹಂಗಾದ್ರ ಕೊಳಲ ಯಾಕ ಬ್ಯಾಡ ಅಂತ ನೀವು ಕೇಳಬೇಕು, ಕೇಳಿದ್ರ ಅದು ಖರೇ ಪ್ರಶ್ನೆ. ರಾಗ ಬಿಚ್ಚಿ ಹಾಡಬೇಕು ಅನ್ನೋರು ಕೊಳಲೇ ಕಲೀರಿ. ಪನ್ನಾಲಾಲ ಘೋಷರು ಉದ್ದನ್ನ ಬಾನ್ಸುರಿ ಮಾಡಿಸಿ ಅದನ್ನ ಖ್ಯಾಲಿನ ಸಾಲಿಗಿ ತಂದು ಕೂಡಿಸಿದ್ರು, ಅದರ ಮುಂದ ಒಕರಿನಾ ಸಣ್ಣದೇ. ಆದ್ರ ಕೊಳಲಿಗಿ ತುಟಿ ಕೂಡಲಕ್ಕೇ ವಾರಗಟ್ಟಲೆ ಬೇಕು. ಅಲ್ಲಿತನ ಬರೇ ಫುಸ್ ಅಂತ ಗಾಳಿ. ಮನ್ಯಾಗ ಎಲ್ಲಾರೂ ನಗತಾರ, ಐವತ್ತು ದಾಟಿದ ಹೆಣ್ಮಗಳು ಆ ನಗಿಗಿ ಹೆದರಿ ನಾಕನೇ ದಿನ ಕೊಳಲ ಕಪಾಟಿನಾಗ ಇಡ್ತಾಳ. ಒಕರಿನಾದಾಗ ಸೀಟಿ ಮೂತಿ ಇರೋದರಿಂದ ಮೊದಲ ಊದಿಗೇ ದನಿ ಬರ್ತದ. ಇನ್ನೊಂದು ಬೆಟ್ಟಿನ ಮಾತು. ಕೊಳಲಿನಾಗ ಸ್ವರ ಕೊಳವಿ ಉದ್ದದ ಲೆಕ್ಕದಾಗ ಬರ್ತದ, ಅದಕ್ಕ ತೂತು ಎಲ್ಲಿರಬೇಕೋ ಅಲ್ಲೇ ಇರಬೇಕು. ಉದ್ದನ್ನ ಬಾನ್ಸುರಿಗಿ ನನ್ನ ಬೆಟ್ಟು ಮುಟ್ಟಂಗೇ ಇಲ್ಲ, ರೊಟ್ಟಿ ಬಡದು ಬಡದು ಗೆಣ್ಣು ಬಾತಾವ. ಒಕರಿನಾ ಮುಚ್ಚಿದ ಗಡಿಗಿ ಇದ್ದಂಗ. ಒಟ್ಟು ಎಷ್ಟು ಬಾಯಿ ತೆರದದ ಅನ್ನೋದರ ಮ್ಯಾಲ ಸ್ವರ, ಎಲ್ಲಿ ತೆರದದ ಅನ್ನೋದರ ಮ್ಯಾಲ ಅಲ್ಲ. ಹಂಗಾಗಿ ಮಾಡೋರು ಬೆಟ್ಟು ಸಹಜ ಕೂಡೋ ಕಡಿನೇ ತೂತು ಇಡ್ತಾರ.

ಇದರ ಐಬು ಮುಚ್ಚಿಡಂಗಿಲ್ಲ. ಕೊಳಲ ಜೋರು ಊದಿದ್ರ ಮ್ಯಾಲಿನ ಸಪ್ತಕಕ್ಕ ಏರ್ತದ, ಇದು ಏರಂಗಿಲ್ಲ. ಹತ್ತು ತೂತಿಂದು ಸ ದಿಂದ ಹಿಡದು ತಾರ ಸಪ್ತಕದ ಮ ತನಕ ಹೋಗ್ತದ. ಹನ್ನೆರಡು ತೂತಿಂದು ಕೆಳಗ ಇನ್ನೆರಡು ಸ್ವರ, ಮಂದ್ರದ ನಿ ಮತ್ತ ಧ, ಕೊಡ್ತದ. ಅಷ್ಟೇ. ನಮ್ಮ ಭಜನಿ ಪದ, ಸೋಬಾನ ಪದ, ಜೋಗುಳ, ಬೀಸೋಕಲ್ಲಿನ ಪದಕ್ಕ ಅಷ್ಟು ಸಾಕು ಬೇಕಾದಷ್ಟಾಯ್ತು. ಬೀಸೋಕಲ್ಲಿನ ಪದ ನಾಕೈದು ಸ್ವರದಾಗೇ ಮುಗೀತಾವ.

ಈಗ ಆರಿಸೋ ಮಾತಿಗಿ ಬರೋಣು, ಇಲ್ಲೇ ನನ್ನ ದೊಡ್ಡ ಜಗಳ ಅದ. "ಮೊದ್ಲು ಸೋವಿದು ತಗೋ, ಬಂದ್ರ ಆಮ್ಯಾಲ ಛಲೋದು ತಗೋಳಾಕ ಆಗ್ತದ" ಅನ್ನೋ ಮಾತು. ಈ ಮಾತು ಹೆಂಗಸರ ವಸ್ತುಕ್ಕೇ ಯಾಕ ಬರ್ತದ? ಮಗ ಫೋನ್ ತಗೋಳಾಗ ಮೊದ್ಲು ಕೆಟ್ಟ ಫೋನ್ ತಗೋ, ಮಾತಾಡಲಕ್ಕ ಬಂದ್ರ ಆಮ್ಯಾಲ ಛಲೋದು ಕೊಡಿಸ್ತೀನಿ ಅಂತ ಯಾವ ಅಪ್ಪ ಹೇಳ್ಯಾನ? ಸೋವಿ ಒಕರಿನಾದ ಹಕೀಕತ್ತು ಕೇಳ್ರಿ. ಹಳೇ ಜ್ವಾಳದ ಹಿಟ್ಟಿಗಿ ಜಿಗಿ ಇರಂಗಿಲ್ಲ, ಎಷ್ಟು ನಾದಿದ್ರೂ ರೊಟ್ಟಿ ಅಂಚಿನಾಗ ಸೀಳ್ತದ. ಹೊಸಾ ಸೊಸಿ ಏನಂತ ತಿಳಕೊಂತಾಳ? ನನ್ನ ಕೈಗುಣಾನೇ ಸರಿ ಇಲ್ಲ ಅಂತ. ಹಿಟ್ಟು ನೋಡೂದು ಯಾರೂ ಕಲಿಸಂಗಿಲ್ಲ. ಸ್ವರ ಕೂಡದ ವಾದ್ಯನೂ ಹಂಗೇ. ಗ ತಪ್ಪು, ಪ ತಪ್ಪು, ಊದೋಳು ಮಾತ್ರ ನನಗ ಕಿವಿನೇ ಇಲ್ಲ, ನನ್ನ ಹಣ್ಯಾಗ ಸಂಗೀತ ಬರದಿಲ್ಲ ಅಂತ ಕೈ ಬಿಡ್ತಾಳ. ನನ್ನ ತಂಗಿಗಿ ಹಿಂಗೇ ಆತು. ಫೋನಿನಾಗ ನೋಡಿ ನವಿಲಿನ ಚಿತ್ರ ಬಿಡಿಸಿದ ಚಂದನ್ನ ಒಂದು ಮಣ್ಣಿನದು ತರಿಸಿದ್ಳು. ಷೋಕೇಸಿನಾಗ ಇಡಲಕ್ಕ ಭಾಳ ಛಲೋ ಅದ. ಏಳು ಸ್ವರದಾಗ ಮೂರೂ ಹೊಂದವಲ್ಲವು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಆಕಿ ಎರಡು ತಿಂಗಳ ತನ್ನನ್ನೇ ಬೈಕೊಂಡ್ಳು.

ಅದಕ್ಕ ತಗೊಳ್ಳೋ ಮೊದ್ಲು, ಇಲ್ಲಾ ಬಂದ ದಿನನೇ, ಪರೀಕ್ಷಾ ಮಾಡ್ರಿ. ಫೋನಿನಾಗ ಸ್ವರ ತೋರಿಸೋ ಟ್ಯೂನರ್ ಆ್ಯಪ್ ಪುಕ್ಕಟೆ ಸಿಗತಾವ, ತಂಬೂರಿ ಆ್ಯಪೂ ಸಿಗತಾವ. ತಂಬೂರಿ ಹಚ್ಚಿ ಒಂದೊಂದೇ ಸ್ವರ ಉದ್ದ ಊದ್ರಿ. ಒಂದು ನೆನಪಿಡ್ರಿ, ಇದರಾಗ ಗಾಳಿ ಜೋರಾದ್ರ ಸ್ವರ ಏರ್ತದ, ಸಾವಕಾಶ ಊದಿದ್ರ ಇಳೀತದ. ಕೆಳಗಿನ ಸ್ವರಕ್ಕ ಬಿಸಿ ಹಾಲು ಆರಿಸಿದಷ್ಟು ಮೆಲ್ಲಕ, ಮ್ಯಾಲ ಹೋದಂಗ ಸ್ವಲ್ಪ ಸ್ವಲ್ಪ ಜಾಸ್ತಿ. ಹಂಗ ಏರಿಸಕೊಂತ ಹೋದ್ರ ಎಲ್ಲಾ ಸ್ವರ ಕೂಡಿದ್ರ ಅದು ವಾದ್ಯ. ಒಂದು ಸ್ವರಕ್ಕ ಜೋರು, ಬಾಜೂದ್ದಕ್ಕ ಮೆಲ್ಲಕ, ಮತ್ತ ಜೋರು ಅಂತ ಸರ್ಕಸ್ ಮಾಡಬೇಕಾದ್ರ ತಿರಗಿ ಕೊಟ್ಟುಬಿಡ್ರಿ. ತುತ್ತತುದಿಯ ಸ್ವರ ಕೀಚ್ ಅಂದ್ರ ಗಾಬರಿ ಆಗಬ್ಯಾಡ್ರಿ, ಗದ್ದ ಎದಿಗಿ ಬಗ್ಗಿಸಿ ಊದಿದ್ರ ಬಹಳ ಸರ್ತಿ ಸರಿ ಆಗ್ತದ. ನಮ್ಮ ಯಾದಗಿರಿ ಬ್ಯಾಸಗಿದಾಗ ಇದನ್ನ ಪರೀಕ್ಷಾ ಮಾಡಿದ್ರ ಸ್ವರ ಒಂಚೂರು ಏರೇ ಇರ್ತದ, ಗಾಳಿ ಕಾದಷ್ಟೂ ದನಿ ಏರ್ತದ. ಅದು ವಾದ್ಯದ ತಪ್ಪಲ್ಲ, ಸೂರ್ಯಪ್ಪಂದು.

ಅಳತಿ ಕೇಳಿದ್ರ ಆಲ್ಟೋ ಸಿ ಅನ್ನೋದು ಕಲಿಯೋರಿಗೆ ಸರಿ, ಅದರ ಸ ಅಂದ್ರ ಹಾರ್ಮೋನಿಯಂದ ಬಿಳಿ ಒಂದು. ಸೊಪ್ರಾನೋ ಭಾಳ ಕಿರಚ್ತದ, ಕಿವಿ ಹರೀತದ. ಬಾಸ್ ದನಿ ಮಸ್ತ ಅದ ಖರೇ, ಆದ್ರ ಅದು ಕೊಬ್ಬರಿ ಬಟ್ಟಲಿಗಿಂತ ದೊಡ್ಡದು, ಉಸುರೂ ಭಾಳ ಬೇಡ್ತದ. ಹನ್ನೆರಡು ತೂತಿನದರಾಗ ಒಂದು ಬೆಟ್ಟಿನಿಂದ ಎರಡು ತೂತು ಮುಚ್ಚೋದು ಇರ್ತದ, ಬೆಟ್ಟು ತೀರಾ ಸಣ್ಣ ಇದ್ದೋರು ಹತ್ತರದ್ದೇ ತಗೋರಿ. ಕೊರಳಾಗ ಹಾಕ್ಕೊಳ್ಳೋ ನಾಕು ತೂತಿನ ಸಣ್ಣದೂ ಅದ, 1960ರ ದಶಕದಾಗ ಜಾನ್ ಟೇಲರ್ ಅನ್ನೋ ಇಂಗ್ಲೆಂಡಿನವರು ಮಾಡಿದ್ದು. ನಾಕೇ ತೂತಿನಾಗ ಒಂದು ಸಪ್ತಕ ಪೂರಾ ನುಡೀತದ, ಮೊಮ್ಮಕ್ಕಳಿಗಿ ಛಲೋ.

ಮಣ್ಣೋ ಪ್ಲಾಸ್ಟಿಕ್ಕೋ? ಮಣ್ಣಿನ ದನಿಗಿ ಸಮ ಇಲ್ಲ. ಆದ್ರ ನಮ್ಮ ಮನಿಗೋಳು ಬಂಡಿ ಹಾಸಿದ ನೆಲ, ಬಿದ್ರ ಎರಡು ತುಂಡು. ಮನ್ಯಾಗ ಸಣ್ಣ ಹುಡುಗರು ಇದ್ರ ಛಲೋ ಕಂಪನಿಯ ಪ್ಲಾಸ್ಟಿಕ್ ಹನ್ನೆರಡು ತೂತಿಂದು ತಗೋರಿ, ಸ್ವರ ಕೂಡಿರ್ತಾವ. ರೊಕ್ಕ ಎಷ್ಟು ಅಂದ್ರ ಒಂದು ಛಲೋ ಇಳಕಲ್ ಸೀರಿಗಿಂತ ಕಮ್ಮಿನೇ. ಇದನ್ನ ಸೋವಿದು ಅನ್ನಂಗಿಲ್ಲ ನಾನು, ಸೋವಿದು ಅಂದ್ರ ಸ್ವರ ಕೂಡದ್ದು. ಮತ್ತ ಊಟ ಮಾಡಿದ ಕೂಡ್ಲೇ ಊದಬ್ಯಾಡ್ರಿ, ಬಾಯಿ ಮುಕ್ಕಳಿಸಿ ಊದ್ರಿ. ಎಣ್ಣಿ, ತುಣುಕು ಹೋಗಿ ಮೂತಿಯ ಗಾಳಿದಾರಿ ಕಟ್ತದ. ಹತ್ತು ನಿಮಿಷ ಊದಿದ ಮ್ಯಾಲ ಉಸುರಿನ ಹಸಿ ಅಲ್ಲಿ ನಿಂತು ದನಿ ಒಡೀತದ, ಸಣ್ಣ ಕಾಗದದ ಪಟ್ಟಿ ಒಳಗ ಆಡಿಸಿ ತಗದ್ರ ಸಾಕು. ಎಂಜಲದ ಚಿಂತಿ ಅಷ್ಟಿದ್ರ ನೋಡ್ರಿ, ಒಬ್ಬೊಬ್ಬರಿಗೆ ಒಂದೊಂದು ಇಡ್ರಿ, ತಾಟು ವಾಟಗ ಬ್ಯಾರೆ ಇಟ್ಟಂಗ.

ಕರೆಂಟ್ ಬೇಕಿಲ್ಲ, ಮಾಸ್ತರ ಮನಿಗಿ ಹಾರ್ಮೋನಿಯಂ ಪೆಟಗಿ ಹೊತಗೊಂಡು ಹೋಗೋದು ಬೇಕಿಲ್ಲ. ನಾನು ರೊಟ್ಟಿ ಮುಗದು ಭಾಂಡಿ ತೊಳದ ಮ್ಯಾಲ ಮಾಳಗಿ ಹತ್ತಿ ಹದಿನೈದು ನಿಮಿಷ ಊದ್ತೀನಿ. ಹದಿನೈದು ನಿಮಿಷ. ಅದನ್ನೂ ಲೆಕ್ಕ ಹಾಕೋರು ಅದಾರ. "ಈ ವಯಸ್ಸಿನಾಗ ಕಲತು ಏನು ಕಚೇರಿ ಮಾಡ್ತಿ?" ಅಂತ. ಕಟ್ಟಿ ಮ್ಯಾಲ ಕೂತು ಮೂರು ತಾಸು ಇಸ್ಪೀಟ್ ಆಡೋರಿಗಿ ಯಾವ ಕಪ್ ಗೆಲ್ತೀರಿ ಅಂತ ನಾನು ಕೇಳಿಲ್ಲ. ಪಿಯುಸಿ ಮುಗಿಸಿ ಲಗ್ನ ಆಗಿ ಬಂದೋಳು ನಾನು. ಸಾಲ್ಯಾಗ ಇದ್ದಾಗ ಹುಡುಗರಿಗಷ್ಟೇ ಕೊಳಲ ಕಲಿಸಿದ್ರು, ನಮಗ ಸ್ವಾಗತಗೀತಾ ಹಾಡ್ಲಕ್ಕ ನಿಲ್ಲಿಸಿದ್ರು. ಅತ್ತಿ ಮಾವನ ಸೇವಾ, ಮೂರು ಬಾಣಂತನ, ಎರಡು ಮಕ್ಕಳ ಲಗ್ನ ಆತು. ಉಳದ ಉಸುರು ನಂದು. ಅದಕ್ಕೂ ಪರವಾನಗಿ ತಗೋಬೇಕಾದ್ರ ಯಾರ ಹತ್ತಿರ ಅರ್ಜಿ ಹಾಕಬೇಕು ಹೇಳ್ರಿ.

ಒಂದು ಆಶಾ ಅದ. ಮಣ್ಣೆತ್ತಿನ ಅಮಾಸಿಗಿ ನಮ್ಮ ಕುಂಬಾರಣ್ಣ ಮನಿ ಮನಿಗಿ ಎತ್ತು ಕೊಡ್ತಾನ. ಈ ಸರ್ತಿ ಅವನಿಗೆ ನನ್ನ ಒಕರಿನಾ ತೋರಿಸಿದೆ. ತಿರುವಿ ಮುರುವಿ ನೋಡಿದ, ಮೂತಿಯ ಗಾಳಿದಾರಿಗಿ ಕಣ್ಣಿಟ್ಟು ನೋಡಿದ, "ಮಾಡಬಹುದು ಯಕ್ಕ, ಆದ್ರ ಭಟ್ಟಿಗಿ ಹಾಕಿದ್ರ ಮಣ್ಣು ಕುಗ್ತದ, ತೂತು ಸಣ್ಣ ಆಗ್ತಾವ" ಅಂದ. ಪುಸ್ತಕ ಓದಿದೋರೂ ಅದನ್ನೇ ಹೇಳ್ತಾರ. ಕುಗ್ಗೋದನ್ನ ಮೊದಲೇ ಲೆಕ್ಕ ಹಿಡದು ಮಾಡಬೇಕು. ತೂತು ದೊಡ್ಡದು ಮಾಡಿದ್ರ ಸ್ವರ ಏರಿಸಬಹುದು, ಇಳಿಸೋದು ಕಷ್ಟ, ಅದಕ್ಕ ಮೊದ್ಲು ಸಣ್ಣದೇ ಕೊರೀಬೇಕು. ನನ್ನ ಫೋನಿನ ಟ್ಯೂನರ್ ಅವನಿಗೆ ತೋರಿಸಿ ಕೊಟ್ಟೀನಿ. ನಾಕು ಮಾಡಿ ಇಟ್ಟಾನ, ಇನ್ನೂ ಹಸಿ ಅದಾವ, ನೆರಳಿನಾಗ ಒಣಗಲತ್ತಾವ. ಬರೋ ವಾರ ಭಟ್ಟಿ ಹಚ್ತಾನಂತ.